ಸೊನ್ನೆ ಬೇರೆ, ಗೈರುಹಾಜರಿ ಬೇರೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ನಮ್ಮ ಶಾಲೆಯ 2005ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ. ಪದವೀಧರರು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಫೋನ್ ಮಾಡಿದಾಗ ಮುಖ್ಯೋಪಾಧ್ಯಾಯರು ಒಂದೇ ಮಾತು ಹೇಳಿದ್ದರು: "ಎಲ್ಲರೂ ಬಂದು 'ಚೆನ್ನಾಗಿ ಓದಿ' ಅಂತ ಹೇಳಿ ಹೋಗ್ತಾರೆ. ನೀನು ಮಾಡೋ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳಪ್ಪ." ಇದು ಕಷ್ಟದ ಕೆಲಸ. ನನ್ನ ಅವ್ವನಿಗೇ ಇನ್ನೂ ಹೇಳಿ ಮುಗಿಸಿಲ್ಲ. "ಕಂಪ್ಯೂಟರ್ ಮುಂದೆ ಕೂತ್ಕೋತಾನೆ" ಎನ್ನುವವರೆಗೆ ಅವಳು ಒಪ್ಪಿದ್ದಾಳೆ. ಇವತ್ತು ಆ ಕೆಲಸದ ಒಂದು ಚಿಕ್ಕ ಭಾಗವನ್ನು ಮಾತ್ರ ಹೇಳುತ್ತೇನೆ. ಅದರ ಮೊದಲ ಪಾಠ ನನಗೆ ಸಿಕ್ಕಿದ್ದು ಎಂಜಿನಿಯರಿಂಗ್ ಕಾಲೇಜಿನಲ್ಲಲ್ಲ, ಇದೇ ಕಟ್ಟಡದ ಒಂಬತ್ತನೇ ತರಗತಿಯಲ್ಲಿ.

ನಮ್ಮ ಗಣಿತದ ಮೇಷ್ಟ್ರು ಉತ್ತರ ಪತ್ರಿಕೆ ತಿದ್ದುವಾಗ ಬರೀ ತಪ್ಪಿನ ಗುರುತು ಹಾಕುತ್ತಿರಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಅಕ್ಷರ ಬರೆಯುತ್ತಿದ್ದರು. 'ಓ' ಅಂದರೆ ಪ್ರಶ್ನೆಯನ್ನು ಸರಿಯಾಗಿ ಓದಿಲ್ಲ. 'ವಿ' ಅಂದರೆ ವಿಧಾನವೇ ತಪ್ಪು. 'ಲೆ' ಅಂದರೆ ವಿಧಾನ ಸರಿ, ಕೂಡುವ ಕಳೆಯುವ ಲೆಕ್ಕದಲ್ಲಿ ಜಾರಿದ್ದಾನೆ. 'ಬಿ' ಅಂದರೆ ಬರೆಯದೆ ಬಿಟ್ಟಿದ್ದಾನೆ. ಈ ನಾಲ್ಕು ಅಕ್ಷರಗಳ ಅರ್ಥ ಬರೆದ ಚೀಟಿ ಕರಿಹಲಗೆಯ ಪಕ್ಕ ವರ್ಷಪೂರ್ತಿ ಅಂಟಿಕೊಂಡಿರುತ್ತಿತ್ತು. ಪತ್ರಿಕೆ ಕೈಗೆ ಬಂದ ಕೂಡಲೇ ಏನು ಮಾಡಬೇಕು ಎಂದು ನಮಗೆ ತಿಳಿಯುತ್ತಿತ್ತು. 'ಲೆ' ಬಂದವನು ಮಗ್ಗಿ ಮಾಡಬೇಕು. 'ವಿ' ಬಂದವನು ಸಂಜೆ ಮೇಷ್ಟ್ರ ಹತ್ತಿರ ಕೂರಬೇಕು. ಪರೀಕ್ಷೆಗೇ ಬಾರದವನ ಹೆಸರಿನ ಮುಂದೆ ಅವರು ಎಂದೂ ಸೊನ್ನೆ ಬರೆದವರಲ್ಲ, 'ಗೈ.ಹಾ.' ಎಂದೇ ಬರೆಯುತ್ತಿದ್ದರು. "ಸೊನ್ನೆ ಅಂಕ ಕಣ್ರೋ. ಬಾರದೇ ಇರೋದು ಅಂಕ ಅಲ್ಲ" ಎನ್ನುತ್ತಿದ್ದರು. ಆಗ ನಾವು ನಕ್ಕಿದ್ದೆವು. ಈ ಮಾತಿನ ಬೆಲೆ ನನಗೆ ಗೊತ್ತಾಗಲು ಮುಂದೆ ಎಂಟೊಂಬತ್ತು ವರ್ಷ ಬೇಕಾಯಿತು.

ನಾನು ಕೆಲಸ ಮಾಡುವುದು ಸಿ ಎಂಬ ಭಾಷೆಯಲ್ಲಿ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಡೆನ್ನಿಸ್ ರಿಚಿ ಎಂಬವರು 1970ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಅಂದರೆ ನಮ್ಮ ಶಾಲೆಗೂ ಆ ಭಾಷೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಹಳೆಯದಾದರೂ ಇವತ್ತಿಗೂ ಮೊಬೈಲಿನ ಒಳಗೆ, ಕರೆಂಟ್ ಮೀಟರಿನ ಒಳಗೆ, ಕಾರಿನ ಒಳಗೆ ಓಡುವುದರಲ್ಲಿ ಬಹಳಷ್ಟು ಇದರಲ್ಲಿ ಬರೆದದ್ದೇ.

ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಒಬ್ಬರು ಒಂದಿಷ್ಟು ಕೆಲಸಗಳನ್ನು ಬರೆದು ಕಟ್ಟಿಟ್ಟರೆ ಉಳಿದವರು ಅದನ್ನು ಕರೆದು ಬಳಸುತ್ತಾರೆ. ಈ ಗಂಟಿಗೆ ಲೈಬ್ರರಿ ಎನ್ನುತ್ತೇವೆ. ಅದರೊಳಗಿನ ಒಂದೊಂದು ಕೆಲಸಕ್ಕೆ ಫಂಕ್ಷನ್ ಎಂದು ಹೆಸರು. ಫಂಕ್ಷನ್ ಕೆಲಸ ಮುಗಿಸಿ ಬರುವಾಗ ಕರೆದವರಿಗೆ ಒಂದು ಉತ್ತರ ತರುತ್ತದೆ. ಕೆಲಸ ಆಯಿತೋ ಇಲ್ಲವೋ ಎಂದು ತಿಳಿಸುವ ಉತ್ತರವೇ ರಿಟರ್ನ್ ಕೋಡ್. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಹೇಳುವ ಸಂಖ್ಯೆ ಎರರ್ ಕೋಡ್.

ಮನೆಯ ಉದಾಹರಣೆ ಹೇಳುತ್ತೇನೆ. ಅವ್ವ ಮಗನ ಕೈಗೆ ದುಡ್ಡು ಕೊಟ್ಟು ಅಂಗಡಿಯಿಂದ ಸಕ್ಕರೆ ತಾ ಎಂದು ಕಳಿಸುತ್ತಾಳೆ. ಹುಡುಗ ಬರಿಗೈಲಿ ಬರುತ್ತಾನೆ. "ಸಿಗಲಿಲ್ಲ" ಎಂದಷ್ಟೇ ಹೇಳಿದರೆ ಅವ್ವ ಏನು ಮಾಡಬೇಕು? ಅಂಗಡಿ ಮುಚ್ಚಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಬಹುದು. ಸಕ್ಕರೆ ಖಾಲಿಯಾಗಿದ್ದರೆ ಬೆಲ್ಲದ ಟೀ ಮಾಡಬಹುದು. ದುಡ್ಡು ಸಾಲದಿದ್ದರೆ ಇನ್ನಷ್ಟು ಕೊಡಬೇಕು. ದುಡ್ಡು ಕಳೆದುಕೊಂಡಿದ್ದರೆ ದಾರಿಯಲ್ಲಿ ಹುಡುಕಬೇಕು. ನಾಲ್ಕು ಕಾರಣಕ್ಕೆ ನಾಲ್ಕು ಬೇರೆ ಬೇರೆ ಕೆಲಸ. ಅದಕ್ಕೇ ನಾಲ್ಕು ಬೇರೆ ಕೋಡ್ ಬೇಕು. ಒಂದು ಲೈಬ್ರರಿಗೆ ಎಷ್ಟು ಎರರ್ ಕೋಡ್ ಇರಬೇಕು ಎಂದು ಹೊಸಬರು ಕೇಳಿದಾಗ ನಾನು ಹೇಳುವುದು ಇಷ್ಟೇ: ಕರೆದವನು ಎಷ್ಟು ಬಗೆಯಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳಬಲ್ಲನೋ ಅಷ್ಟು.

ಸಿ ಭಾಷೆಯ ಜಗತ್ತಿನಲ್ಲಿ ಇದಕ್ಕೆ ಒಂದು ಹಳೆಯ ರೂಢಿ ಇದೆ. ಸೊನ್ನೆ ಬಂದರೆ ಕೆಲಸ ಆಯಿತು ಎಂದರ್ಥ. ಬೇರೆ ಯಾವುದೇ ಸಂಖ್ಯೆ ಬಂದರೆ ಆಗಲಿಲ್ಲ ಎಂದರ್ಥ. ಕೇಳಲು ತಲೆಕೆಳಗು ಅನ್ನಿಸುತ್ತದೆ, ಆದರೆ ಇದರಲ್ಲಿ ಲೆಕ್ಕವಿದೆ. ಕೆಲಸ ಆಗುವುದಕ್ಕೆ ಒಂದೇ ದಾರಿ, ಕೆಡುವುದಕ್ಕೆ ನೂರು ದಾರಿ. ಒಂದಕ್ಕೆ ಸೊನ್ನೆ ಕೊಟ್ಟು ಉಳಿದ ಸಂಖ್ಯೆಗಳನ್ನೆಲ್ಲ ಕಾರಣಗಳಿಗೆ ಇಟ್ಟುಕೊಂಡರು. ಲಿನಕ್ಸ್‌ನಲ್ಲಿ 2 ಅಂದರೆ ಕೇಳಿದ ಫೈಲ್ ಇಲ್ಲ, 13 ಅಂದರೆ ಫೈಲ್ ಇದೆ ಆದರೆ ನಿನಗೆ ಅನುಮತಿ ಇಲ್ಲ, 28 ಅಂದರೆ ಡಿಸ್ಕಿನಲ್ಲಿ ಜಾಗ ಇಲ್ಲ. ಪ್ರೋಗ್ರಾಂ ಬರೆಯುವವರು ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಪ್ರತಿಯೊಂದಕ್ಕೂ ಒಂದು ಹೆಸರಿದೆ, ಆ ಹೆಸರನ್ನೇ ಬರೆಯಬೇಕು. ನಮ್ಮ ಮೇಷ್ಟ್ರ ಚೀಟಿಯೂ ಇದೇ ತಾನೇ?

ಹಳೆಯವರೂ ಎಲ್ಲ ಕಡೆ ಸರಿಯಾಗಿ ಮಾಡಲಿಲ್ಲ. ಸಿ ಭಾಷೆಯ ಜೊತೆಗೇ ಬರುವ ಎಟಾಯ್ ಎಂಬ ಫಂಕ್ಷನ್ ಇದೆ. ಅಕ್ಷರದಲ್ಲಿ ಬರೆದ ಅಂಕಿಯನ್ನು ಅದು ಸಂಖ್ಯೆಯಾಗಿ ಬದಲಿಸುತ್ತದೆ. "45" ಎಂಬ ಬರಹ ಕೊಟ್ಟರೆ 45 ಸಿಗುತ್ತದೆ. "0" ಕೊಟ್ಟರೆ ಸೊನ್ನೆ ಸಿಗುತ್ತದೆ. ಅಂಕಿಯೇ ಇಲ್ಲದ "ಮಾವಿನಹಣ್ಣು" ಎಂಬ ಪದ ಕೊಟ್ಟರೂ ಸೊನ್ನೆಯೇ ಸಿಗುತ್ತದೆ! ನಿಜವಾದ ಸೊನ್ನೆ ಯಾವುದು, ಸೋತ ಸೊನ್ನೆ ಯಾವುದು ಎಂದು ಕರೆದವನಿಗೆ ತಿಳಿಯುವ ದಾರಿಯೇ ಇಲ್ಲ. ಗೈರುಹಾಜರಿಯ ಮುಂದೆ ಸೊನ್ನೆ ಬರೆದಂತಾಯಿತು.

ಅದೇ ಭಾಷೆಯ ಇನ್ನೊಂದು ಫಂಕ್ಷನ್ ಗೆಟ್‌ಚಾರ್. ಅದು ಒಂದೊಂದೇ ಅಕ್ಷರ ಓದಿ ಕೊಡುತ್ತದೆ. ಅಕ್ಷರಕ್ಕೆ 0ಯಿಂದ 255ರವರೆಗಿನ ಸಂಖ್ಯೆ ಸಾಕು. ಆದರೂ ಅದರ ಉತ್ತರದ ಪಾತ್ರೆಯನ್ನು ಅಕ್ಷರಕ್ಕಿಂತ ದೊಡ್ಡದಾಗಿ ಇಟ್ಟಿದ್ದಾರೆ. ಯಾಕೆಂದರೆ "ಓದಲು ಇನ್ನೇನೂ ಉಳಿದಿಲ್ಲ" ಎಂದು ಹೇಳಲು ಯಾವ ಅಕ್ಷರಕ್ಕೂ ಸೇರದ, ಸೊನ್ನೆಗಿಂತ ಕಡಿಮೆಯ ಒಂದು ಸಂಖ್ಯೆ ಬೇಕಿತ್ತು. ಇಲ್ಲಿ ಗೈರುಹಾಜರಿಗೆ ಬೇರೆಯೇ ಕಲಂ ಇದೆ.

ಇನ್ನು ನನ್ನ ತಪ್ಪಿನ ಕಥೆ ಹೇಳುತ್ತೇನೆ. ಇದನ್ನು ಹೇಳಲು ಸಂಕೋಚವಿದೆ, ಆದರೆ ಅದನ್ನು ಬಿಟ್ಟರೆ ಈ ಭಾಷಣಕ್ಕೆ ಅರ್ಥವಿಲ್ಲ.

ಬಿ.ಇ. ಮುಗಿಸಿ ಮೊದಲು ಸೇರಿದ್ದು ಒಂದು ಚಿಕ್ಕ ಕಂಪನಿಗೆ. ಹಾಲಿನ ಸಂಘಗಳಲ್ಲಿ ಫ್ಯಾಟ್ ಅಳೆಯುವ ಯಂತ್ರವನ್ನು ಅಲ್ಲಿ ಜೋಡಿಸುತ್ತಿದ್ದರು. ಇಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಆ ಯಂತ್ರ ಗೊತ್ತು. ಸ್ವಲ್ಪ ಹಾಲನ್ನು ಎಳೆದುಕೊಂಡು ಫ್ಯಾಟ್ ಎಷ್ಟು ಎಂದು ಪರದೆಯ ಮೇಲೆ ತೋರಿಸುತ್ತದೆ, ಚೀಟಿ ಬರುತ್ತದೆ, ಅದರ ಮೇಲೆ ದುಡ್ಡು. ಸೆನ್ಸರ್‌ನಿಂದ ಫ್ಯಾಟ್ ಓದಿ ಕೊಡುವ ಲೈಬ್ರರಿ ಬರೆಯುವುದು ನನ್ನ ಪಾಲಿಗೆ ಬಂತು. ಓದಿದ ಸಂಖ್ಯೆಯನ್ನೇ ಉತ್ತರವಾಗಿ ಕೊಡುವ ಒಂದು ಫಂಕ್ಷನ್ ಬರೆದೆ. ಓದಲು ಆಗದಿದ್ದರೆ? ಸ್ಯಾಂಪಲ್ ಕಡಿಮೆಯಾಗಿ ಕೊಳವೆಗೆ ಗಾಳಿ ಹೋದರೆ, ಕೇಬಲ್ ಸಡಿಲಾದರೆ? ಸೊನ್ನೆ ಕೊಟ್ಟರೆ ಪರದೆಯ ಮೇಲೆ ಸೊನ್ನೆ ಬಂದು ಜನ ಗಾಬರಿಯಾಗುತ್ತಾರೆ. ಅದಕ್ಕೆ ನಾನು ಒಂದು "ಜಾಣತನ" ಮಾಡಿದೆ. ಓದಲು ಆಗದಿದ್ದರೆ ಹಿಂದಿನ ಸರಿಯಾದ ಓದಿಕೆಯನ್ನೇ ಮತ್ತೆ ಕೊಟ್ಟುಬಿಡು ಎಂದು ಬರೆದೆ. ಪರದೆ ಮಿನುಗುವುದು ನಿಂತಿತು. ಪರೀಕ್ಷೆಯಲ್ಲಿ ಯಂತ್ರ ಚೆನ್ನಾಗಿ ನಡೆಯುತ್ತದೆ ಎಂದು ಎಲ್ಲರೂ ಮೆಚ್ಚಿದರು.

ಕೆಲವು ತಿಂಗಳ ಮೇಲೆ ಒಂದು ಹಳ್ಳಿಯ ಸಂಘದಿಂದ ದೂರು ಬಂತು. ನನ್ನನ್ನೇ ಕಳಿಸಿದರು. ಬೆಳಗಿನ ಜಾವ ಹಾಲು ಹಾಕುವ ಹೊತ್ತಿಗೆ ಹೋಗಿ ನಿಂತೆ. ವಯಸ್ಸಾದ ಒಬ್ಬ ತಾಯಿ ಕ್ಯಾನು ಕೆಳಗಿಟ್ಟು ನನ್ನ ಮುಖಕ್ಕೇ ಚೀಟಿ ಹಿಡಿದರು. "ನನ್ನ ಎಮ್ಮೆ ಹಾಲಿಗೆ ಮೂರೂವರೆ ಫ್ಯಾಟ್ ಬರಾಕಿಲ್ಲ ಕಣಪ್ಪ. ನಿನ್ನ ಮಿಷನ್ನು ಸುಳ್ಳು ಹೇಳ್ತೈತೆ" ಎಂದರು. ಹುಡುಗಾಟದ ಮಾತಲ್ಲ. ಎಮ್ಮೆ ಹಾಲಿನ ಫ್ಯಾಟ್ ಸಾಮಾನ್ಯವಾಗಿ ಆರರ ಮೇಲೆಯೇ ಇರುತ್ತದೆ. ಸಂಘದ ಪುಸ್ತಕ ತೆರೆದು ನೋಡಿದೆ. ಅವರ ಹೆಸರಿನ ಮುಂದೆ 3.62. ಅವರಿಗಿಂತ ಮುಂಚೆ ಸಾಲಿನಲ್ಲಿ ಹಸುವಿನ ಹಾಲು ಹಾಕಿದವರ ಹೆಸರಿನ ಮುಂದೆಯೂ 3.62. ನನ್ನ ಕೈ ತಣ್ಣಗಾಯಿತು. ಪುಟ ತಿರುಗಿಸಿದಷ್ಟೂ ಅಂಥ ಜೋಡಿಗಳು ಸಿಕ್ಕವು. ಕೆಲವು ಕಡೆ ಎಮ್ಮೆ ಹಾಲಿನ ಹಿಂದೆ ಬಂದ ಹಸುವಿನ ಹಾಲಿಗೆ ಹೆಚ್ಚು ಫ್ಯಾಟ್ ಸಿಕ್ಕಿತ್ತು. ಆ ಪೈಕಿ ಒಬ್ಬರೂ ದೂರು ಕೊಟ್ಟಿರಲಿಲ್ಲ ಎನ್ನುವುದು ಬೇರೆ ಮಾತು.

ಯಂತ್ರ ಕೆಟ್ಟಿರಲಿಲ್ಲ. ಗಾಳಿ ಹೋಗುವುದು, ಕೇಬಲ್ ಅಲ್ಲಾಡುವುದು ಎಲ್ಲಾದರೂ ನಡೆಯುವಂಥದ್ದೇ. ಕೆಟ್ಟಿದ್ದು ನನ್ನ ಉತ್ತರ. "ನನಗೆ ಓದಲು ಆಗಲಿಲ್ಲ" ಎಂದು ಹೇಳಬೇಕಾದ ಕಡೆ ಪಕ್ಕದವರ ಸಂಖ್ಯೆಯನ್ನು ಎತ್ತಿ ಕೊಟ್ಟಿದ್ದೆ. ಸಂಘದವರು ಕೂತು ಮಾತಾಡಿ, ಹಿಂದಿನ ದಿನಗಳ ಸರಾಸರಿ ಹಿಡಿದು ಹಣ ಸರಿಮಾಡಿದರು. ಆದರೂ ಅದು ಅಂದಾಜೇ. ಆ ಬೆಳಗ್ಗೆಗಳ ನಿಜವಾದ ಫ್ಯಾಟ್ ಎಷ್ಟಿತ್ತು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಓದಿಕೆ ನಡೆದೇ ಇರಲಿಲ್ಲ.

ವಾಪಸ್ ಬಂದು ಲೈಬ್ರರಿಯನ್ನು ಹೊಸದಾಗಿ ಬರೆದೆ. ಫಂಕ್ಷನ್ನಿನ ಉತ್ತರದಲ್ಲಿ ಈಗ ಫ್ಯಾಟ್ ಇಲ್ಲ, ಬರೀ ಕೋಡ್ ಮಾತ್ರ. ಕೋಡ್ ಸೊನ್ನೆಯಾಗಿದ್ದರೆ ಮಾತ್ರ ಫ್ಯಾಟ್ ಅನ್ನು ಕರೆದವನು ತೋರಿಸಿದ ಬೇರೆ ಜಾಗದಲ್ಲಿ ಬರೆದಿಡುತ್ತದೆ. ಕೋಡ್‌ಗಳನ್ನು ಹೀಗೆ ಗೊತ್ತುಮಾಡಿದೆ. 1 ಅಂದರೆ ಸ್ಯಾಂಪಲ್ ಸಾಲದು, ಮತ್ತೆ ಹಾಲು ಹಾಕಿ. 2 ಅಂದರೆ ಒಳಗೆ ಗಾಳಿ ಇದೆ, ಸ್ವಲ್ಪ ತಡೆದು ಮತ್ತೆ ಓದಿಸಿ. 3 ಅಂದರೆ ಸೆನ್ಸರ್ ಉತ್ತರ ಕೊಡುತ್ತಿಲ್ಲ, ಮೆಕ್ಯಾನಿಕ್ ಕರೆಸಿ, ಅಲ್ಲಿಯವರೆಗೆ ಹಳೆಯ ಗರ್ಬರ್ ವಿಧಾನದಲ್ಲಿ ಆಸಿಡ್ ಹಾಕಿ ಕೈಯಲ್ಲಿ ಪರೀಕ್ಷೆ ಮಾಡಿ. 4 ಅಂದರೆ ಕರೆದ ಪ್ರೋಗ್ರಾಮಿನವನೇ ತಪ್ಪಾಗಿ ಕರೆದಿದ್ದಾನೆ, ಇದು ನಮ್ಮ ಆಫೀಸಿನಲ್ಲಿ ಸರಿಯಾಗಬೇಕಾದ ತಪ್ಪು, ಸಂಘದವರ ತಲೆಗೆ ಕಟ್ಟಬಾರದು. ಒಂದೊಂದು ಕೋಡಿನ ಎದುರು ಅದರ ಹೆಸರು, ಅರ್ಥ, ಮುಂದೆ ಮಾಡಬೇಕಾದ್ದು ಮೂರನ್ನೂ ಬರೆದೆ. ಯಾವ ಸಂಖ್ಯೆಯ ಅರ್ಥವನ್ನೂ ಮುಂದೆ ಬದಲಿಸಬಾರದು, ಹೊಸ ಕಾರಣ ಬಂದರೆ ಹೊಸ ಸಂಖ್ಯೆ ಕೊಡಬೇಕು ಎಂದೂ ಸೇರಿಸಿದೆ. ಹಳ್ಳಿಹಳ್ಳಿಯ ಯಂತ್ರಗಳಲ್ಲಿ ಹಳೆಯ ಪ್ರೋಗ್ರಾಮುಗಳು ಓಡುತ್ತಿರುತ್ತವೆ. ಇವತ್ತು 2ಕ್ಕೆ ಬೇರೆ ಅರ್ಥ ಕೊಟ್ಟರೆ ಅವಕ್ಕೆ ತಿಳಿಸುವವರು ಯಾರು?

ಇದು ಎಲ್ಲರಿಗೂ ಹಿಡಿಸಿತು ಎಂದು ಭಾವಿಸಬೇಡಿ. ಮೊದಲು ಯಂತ್ರ ಎಂದೂ ನಿಲ್ಲುತ್ತಿರಲಿಲ್ಲ. ಈಗ ಆಗಾಗ "ಓದಿಕೆ ಆಗಿಲ್ಲ" ಎಂದು ತೋರಿಸಿ ನಿಲ್ಲುತ್ತಿತ್ತು. ಸಾಲು ಉದ್ದವಾಗುತ್ತಿತ್ತು, ಹಾಲಿನ ಗಾಡಿ ಹಾರ್ನ್ ಮಾಡುತ್ತಿತ್ತು. ಹಳೇದೇ ಚೆನ್ನಾಗಿತ್ತು ಎಂದು ಒಬ್ಬ ಕಾರ್ಯದರ್ಶಿ ಬೈದರು. ಅವರ ಕಷ್ಟವೂ ನಿಜವೇ. ಸುಳ್ಳು ಹೇಳಿದರೆ ಸಾಲು ಬೇಗ ಸಾಗುತ್ತದೆ, ನಿಜ ಹೇಳಿದರೆ ಎಲ್ಲರೂ ಒಂದು ನಿಮಿಷ ಕಾಯಬೇಕು. ಆ ಒಂದು ನಿಮಿಷ ಕೊಡಲು ನಾವು ತಯಾರಿಲ್ಲದಿದ್ದರೆ ಯಾವ ಕೋಡ್ ಬರೆದೂ ಪ್ರಯೋಜನವಿಲ್ಲ.

ದೊಡ್ಡ ಕಡೆಗಳಲ್ಲೂ ಇದೇ ಆಗಿದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಮೊದಲ ಬಾರಿಗೆ ಮೇಲೆ ಹಾರಿತು. ಸುಮಾರು 40 ಸೆಕೆಂಡಿನಲ್ಲಿ ದಾರಿ ತಪ್ಪಿ ಸಿಡಿದುಹೋಯಿತು. ರಾಕೆಟ್ ಯಾವ ದಿಕ್ಕಿಗೆ ವಾಲಿದೆ ಎಂದು ಹೇಳುವ ಘಟಕದಲ್ಲಿ ಒಂದು ದೊಡ್ಡ ಸಂಖ್ಯೆ 16 ಬಿಟ್‌ನ ಚಿಕ್ಕ ಜಾಗದಲ್ಲಿ ಹಿಡಿಸಲಿಲ್ಲ. ಅದೇ ಕಾರಣಕ್ಕೆ ಬದಲಿ ಘಟಕವೂ ಆಗಲೇ ನಿಂತಿತ್ತು. ಘಟಕ "ನಾನು ಕೆಟ್ಟೆ" ಎಂಬ ದೋಷದ ಮಾಹಿತಿ ಕಳಿಸಿತು. ಮುಖ್ಯ ಕಂಪ್ಯೂಟರ್ ಅದನ್ನು ದೋಷ ಎಂದು ತಿಳಿಯದೆ ಹಾರಾಟದ ಅಳತೆ ಎಂದೇ ಓದಿತು. ಇಲ್ಲದ ತಪ್ಪನ್ನು ಸರಿಪಡಿಸಲು ಹೋಗಿ ಇಡೀ ರಾಕೆಟ್ಟನ್ನೇ ತಿರುಗಿಸಿತು. ಅದು ಸಿ ಭಾಷೆಯ ಪ್ರೋಗ್ರಾಂ ಅಲ್ಲ, ಅಡಾ ಎಂಬ ಇನ್ನೊಂದು ಭಾಷೆಯದು. ಆದರೆ ಅಂಕ ಮತ್ತು ಗೈರುಹಾಜರಿ ಒಂದೇ ಕಲಮಿನಲ್ಲಿ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ಗೊತ್ತಿಲ್ಲ.

ಹೇಳುವವನು ಸರಿಯಾಗಿ ಹೇಳಿದರೂ ಕೇಳುವವನು ಕೇಳದಿದ್ದರೆ? ನೀವು ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಅದು ನಿಜವಾದ ಬ್ಯಾಂಕೇ ಎಂದು ಒಳಗೊಳಗೇ ಒಂದು ಡಿಜಿಟಲ್ ಸಹಿಯ ಪರಿಶೀಲನೆ ನಡೆಯುತ್ತದೆ. ಇದಕ್ಕೆ ಬಳಸುವ ಸಿ ಲೈಬ್ರರಿಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಹೆಸರಾದದ್ದು. ಅದರಲ್ಲಿ ಸಹಿ ನೋಡುವ ಒಂದು ಫಂಕ್ಷನ್ ಮೂರು ಬಗೆಯ ಉತ್ತರ ಕೊಡುತ್ತದೆ. 1 ಅಂದರೆ ಸಹಿ ಸರಿ, 0 ಅಂದರೆ ಸಹಿ ತಪ್ಪು, ಮೈನಸ್ 1 ಅಂದರೆ ಪರೀಕ್ಷೆ ಮಾಡಲೇ ಆಗಲಿಲ್ಲ. ಆದರೆ ಅದೇ ಲೈಬ್ರರಿಯ ಒಳಗೆ ಅದನ್ನು ಕರೆದ ಕೆಲವು ಕಡೆ "ಸೊನ್ನೆಯೋ ಅಲ್ಲವೋ" ಎಂದಷ್ಟೇ ನೋಡಿದ್ದರು. ಮೈನಸ್ 1 ಸೊನ್ನೆಯಲ್ಲವಲ್ಲ! ಹೀಗಾಗಿ ಪರೀಕ್ಷಿಸಲಾಗದ ಕೆಲವು ಕೆಟ್ಟ ಸಹಿಗಳೂ ಸರಿಯಾದ ಸಹಿ ಎಂದೇ ಪಾಸಾಗುತ್ತಿದ್ದವು. 2009ರ ಜನವರಿಯಲ್ಲಿ ಇದನ್ನು ಪ್ರಕಟಿಸಿ ತಿದ್ದಿದರು. ಗೈರುಹಾಜರಾದವನನ್ನು ಪಾಸು ಮಾಡಿದಂತೆ. ಈ ಲೈಬ್ರರಿ ಬರೆದವರು ದಡ್ಡರಲ್ಲ. ನಾವೆಲ್ಲರೂ ಜಾರುವ ಜಾಗವೇ ಇದು. ಅದಕ್ಕಾಗಿಯೇ ಸಿ ಭಾಷೆಯ ಹೊಸ ಪ್ರಮಾಣಕದಲ್ಲಿ ಒಂದು ಸೌಕರ್ಯ ಸೇರಿಸಿದ್ದಾರೆ. "ಈ ಫಂಕ್ಷನ್ನಿನ ಉತ್ತರವನ್ನು ನೋಡದೆ ಬಿಡಬಾರದು" ಎಂದು ಗುರುತು ಹಾಕಿಟ್ಟರೆ, ನೋಡದೆ ಬಿಟ್ಟವನಿಗೆ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ಸರಿಯಾಗಿ ನೋಡಿದನೇ ಎಂಬುದನ್ನು ಮಾತ್ರ ಅದೂ ಹೇಳಲಾರದು.

ಚೆನ್ನಾಗಿ ಮಾಡಿದ್ದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 2000ನೇ ಇಸವಿಯಲ್ಲಿ ಶುರುವಾದ ಎಸ್‌ಕ್ಯೂಲೈಟ್ ಎಂಬ ಲೈಬ್ರರಿ ಇಲ್ಲಿರುವ ಪ್ರತಿಯೊಂದು ಸ್ಮಾರ್ಟ್‌ಫೋನಿನಲ್ಲೂ ಇದೆ. ಮಾಹಿತಿ ಜೋಡಿಸಿಡುವುದು ಅದರ ಕೆಲಸ. ಅದರಲ್ಲಿ 5 ಅಂದರೆ "ಇನ್ನೊಬ್ಬರು ಬಳಸುತ್ತಿದ್ದಾರೆ, ತಡೆದು ಬಾ". 13 ಅಂದರೆ "ಜಾಗ ತುಂಬಿದೆ". 11 ಅಂದರೆ "ಫೈಲೇ ಕೆಟ್ಟಿದೆ". ಮೊದಲನೆಯದಕ್ಕೆ ಕಾಯಬೇಕು, ಎರಡನೆಯದಕ್ಕೆ ಜಾಗ ಮಾಡಬೇಕು, ಮೂರನೆಯದಕ್ಕೆ ಕಾದು ಕೂತರೆ ಪ್ರಯೋಜನವಿಲ್ಲ. ಮುಂದೆ ಇನ್ನಷ್ಟು ವಿವರ ಕೊಡಬೇಕು ಎನ್ನಿಸಿದಾಗ ಹಳೆಯ ಸಂಖ್ಯೆಗಳ ಅರ್ಥ ಕೆಡಿಸಲಿಲ್ಲ. ವಿವರ ಬೇಕಾದವರು ಕೇಳಿ ಪಡೆಯುವಂತೆ ವಿಸ್ತೃತ ಕೋಡ್‌ಗಳನ್ನು ಬೇರೆಯಾಗಿ ಸೇರಿಸಿದರು.

ಮಕ್ಕಳೇ, ನೀವು ಮುಂದೆ ಎಂಜಿನಿಯರ್ ಆಗಬೇಕೆಂದೇನೂ ಇಲ್ಲ. ಆದರೆ ಲೆಕ್ಕ ಬಾರದಿದ್ದಾಗ ಪಕ್ಕದವರದನ್ನು ನೋಡಿ ಬರೆಯಬೇಡಿ. ನನ್ನ ಯಂತ್ರ ಮಾಡಿದ್ದು ಅದನ್ನೇ. "ಸಾರ್, ಇಲ್ಲಿಯವರೆಗೆ ಬಂತು, ಈ ಹೆಜ್ಜೆ ಗೊತ್ತಾಗಲಿಲ್ಲ" ಎಂದು ಎಲ್ಲಿ ನಿಂತಿರೋ ಅಲ್ಲಿಯ ಹೆಸರು ಹೇಳಿ. ಬರೀ "ಬರಲ್ಲ ಸಾರ್" ಎಂದರೆ ಅದು ಅಂಗಡಿಯಿಂದ ಬರಿಗೈಲಿ ಬಂದ ಹುಡುಗನ "ಸಿಗಲಿಲ್ಲ" ಇದ್ದ ಹಾಗೆ.

ದೊಡ್ಡವರಿಗೂ ಒಂದು ಮಾತು, ತಪ್ಪಿದ್ದರೆ ಕ್ಷಮಿಸಿ. ದುಡ್ಡು ಕಳೆದುಕೊಂಡೆ ಎಂದು ನಿಜ ಹೇಳಿದ ಹುಡುಗನ ಬೆನ್ನ ಮೇಲೆ ಎರಡು ಬಿದ್ದರೆ, ಮುಂದಿನ ಸಲ ಅವನು ಅಂಗಡಿ ಮುಚ್ಚಿತ್ತು ಎನ್ನುತ್ತಾನೆ. ನಾವು ಬೇರೆ ಕಡೆ ಹುಡುಕುತ್ತಾ ಕೂರುತ್ತೇವೆ. ನನ್ನ ಈಗಿನ ತಂಡದಲ್ಲಿ ಹೊಸದಾಗಿ ಸೇರಿದ ಹುಡುಗ ಹುಡುಗಿಯರು "ನನ್ನಿಂದ ಹೀಗಾಯಿತು" ಎಂದು ಬಂದಾಗ ಸಿಟ್ಟು ಬಾರದಿರುವುದಿಲ್ಲ. ಆದರೂ ಮೊದಲು "ಹೇಳಿದ್ದು ಒಳ್ಳೇದಾಯ್ತು" ಎಂದು ಹೇಳಿ ಆಮೇಲೆ ಮುಂದಿನ ಮಾತು ಎತ್ತುತ್ತೇನೆ. ಇದನ್ನು ಕಲಿತದ್ದೂ ಇಲ್ಲೇ. ನಮ್ಮ ಗಣಿತದ ಮೇಷ್ಟ್ರು 'ವಿ' ಬಂದವರನ್ನು ಸಂಜೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದರೇ ಹೊರತು ಎಂದೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ.

ಅವರು ಈಗ ನಿವೃತ್ತರು. ಇವತ್ತು ಬಂದು ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಹೆಸರು ಹೇಳಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಾರೆ. ಸಾರ್, ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಮೂರು 'ವಿ' ಬಂದಿದ್ದವು. ಒಂದು ಸಂಜೆ ಮಾತ್ರ ಬಂದೆ, ಉಳಿದ ಎರಡಕ್ಕೆ ಕಬಡ್ಡಿ ಆಡಲು ಹೋದೆ. ಇವತ್ತು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.